ಗೇರುಸೀಮೆ: ಕರಾವಳಿ ಗುಡ್ಡಗಳ ಬೆಳೆ, ಬೀಜ ಮತ್ತು ಊಟ

ಕಾಸರಗೋಡಿನಿಂದ ಕಾರವಾರದವರೆಗೆ, ಪಶ್ಚಿಮ ಘಟ್ಟದ ಬುಡಕ್ಕೂ ಅರಬ್ಬಿ ಸಮುದ್ರಕ್ಕೂ ನಡುವೆ ಹಬ್ಬಿರುವ ಮುರಕಲ್ಲಿನ ಗುಡ್ಡಗಳ ಪ್ರದೇಶ. ಗೇರುಸೀಮೆ ಎಂಬುದು ಆಡಳಿತ ಕೊಟ್ಟ ಹೆಸರಲ್ಲ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಗುಡ್ಡಗಾಡು ಭಾಗವನ್ನೂ ಕೇರಳಕ್ಕೆ ಸೇರಿರುವ ಕಾಸರಗೋಡನ್ನೂ ಅಲ್ಲಿನ ಒಂದು ಬೆಳೆಯ ಮೂಲಕ ನೋಡುವಾಗ ಒಪ್ಪುವ ಹೆಸರು, ಅಷ್ಟೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಊರುಗಳಿವು. ಕರ್ನಾಟಕದಲ್ಲಿ ಒಂದೂಕಾಲು ಲಕ್ಷ ಹೆಕ್ಟೇರ್ ಆಸುಪಾಸಿನಲ್ಲಿ ಗೇರು ಇದೆ, ಅದರ ದೊಡ್ಡ ಪಾಲು ಈ ಪಟ್ಟಿಯಲ್ಲಿದೆ. ಬೆಳಗಾವಿಯ ಖಾನಾಪುರ ಮತ್ತು ಕೋಲಾರ, ಚಿಕ್ಕಬಳ್ಳಾಪುರಗಳ ಬಯಲಿನಲ್ಲೂ ಬೆಳೆ ಇದೆಯಾದರೂ ಊರಿನ ದುಡಿಮೆ ಮತ್ತು ಊಟ ಎರಡರಲ್ಲೂ ಅದು ಬೇರುಬಿಟ್ಟಿರುವುದು ಕರಾವಳಿಯಲ್ಲಿ.

ಗೇರು ಚಳಿಯನ್ನು ತಡೆಯುವುದೇ ಇಲ್ಲ. ಸೆಕೆ, ಉಪ್ಪುಗಾಳಿ, ಕಲ್ಲುನೆಲ ಅದಕ್ಕೆ ಸಾಕು.

ಮೈಸೂರಿನ ಕಡೆಯವರಿಗೆ ಗೋಡಂಬಿಯೆಂದರೆ ತುಪ್ಪದಲ್ಲಿ ಕೆಂಪಗೆ ಹುರಿದು ಕೇಸರಿಬಾತಿಗೂ ಸಿಹಿ ಪೊಂಗಲಿಗೂ ಹಾಕುವ ಪದಾರ್ಥ. ಅಲ್ಲಿನ ಕಿರಾಣಿ ಅಂಗಡಿಯಲ್ಲಿ ಅದು ಪೊಟ್ಟಣದಲ್ಲಿ, ಇಡಿಯಾಗಿಯೋ ಹೋಳಾಗಿಯೋ ಸಿಗುತ್ತದೆ. ಯಾವ ಮರದ್ದು, ಯಾವ ಊರಿನದು ಎಂದು ಯಾರೂ ಕೇಳುವುದಿಲ್ಲ. ಬೆಳೆಯುವ ಊರಿನಲ್ಲಿ ಲೆಕ್ಕ ಬೇರೆ. ಬೆಳ್ಳಗಿನ ಇಡೀ ಬೀಜ ಅಲ್ಲಿ ದುಡ್ಡು, ಅದು ಪೇಟೆಗೆ ಹೋಗಬೇಕು. ಮನೆಯವರು ಉಂಡದ್ದು ಹಬ್ಬಕ್ಕೆ ಎಳೆಬೀಜ, ಉಳಿದಂತೆ ಪೇಟೆಗೆ ಬೇಡವಾದ ಕುಡಿ, ಹಣ್ಣು, ಮಳೆಗೆ ಮೊಳಕೆಯೊಡೆದ ಬೀಜ. ಗೇರುಸೀಮೆಯ ಅಡುಗೆ ಬಹುಪಾಲು ಹುಟ್ಟಿರುವುದು ಹೀಗೆ ಉಳಿದುದರಿಂದ. ಗೋಡಂಬಿಯ ಕುರಿತು ಬರುವ ಬಹಳಷ್ಟು ಬರವಣಿಗೆ ರಫ್ತಿನ ಅಂಕಿಗಳಲ್ಲೇ ಮುಗಿಯುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗುಡ್ಡ, ಪದವು, ಕುಮ್ಕಿ

ಈ ಪ್ರದೇಶದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರುಗಳು ಬೇಕಾದಷ್ಟಿವೆ. ಆದರೆ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿಗೇ ಸರಿ. ಮುರಕಲ್ಲಿನ ನೆಲ ನೀರನ್ನು ಹಿಡಿದಿಡುವುದಿಲ್ಲ. ಜನವರಿಗಾಗಲೇ ಗುಡ್ಡದ ಹುಲ್ಲು ಒಣಗಿ ಕಂದಾಗಿರುತ್ತದೆ. ಕಣಿವೆಯಲ್ಲಿ ಬೈಲು, ಮಜಲು, ಬೆಟ್ಟು ಎಂದು ನೀರಿನ ಅನುಕೂಲ ನೋಡಿ ಹೆಸರಿಟ್ಟ ಗದ್ದೆಗಳು, ಅವುಗಳ ಅಂಚಿಗೆ ಅಡಿಕೆ ತೋಟ. ಅದರ ಮೇಲಿನ ಗುಡ್ಡ ಮತ್ತು ಪದವು, ಅಂದರೆ ನೆತ್ತಿಯ ಸಪಾಟು ಬಯಲು, ದನ ಮೇಯಲು, ಗದ್ದೆಗೆ ಸೊಪ್ಪು ತರಲು, ಕಲ್ಲು ಕಡಿಯಲು.

ಗೇರು ನಿಂತದ್ದು ಈ ಮೇಲಿನ ಜಾಗದಲ್ಲಿ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಜಮೀನು ಪದ್ಧತಿಯಲ್ಲಿ ಕುಮ್ಕಿ ಎಂಬ ಒಂದು ಏರ್ಪಾಡಿದೆ. ಹಿಂದಿನಿಂದ ಬಂದ ವರ್ಗ ಜಮೀನಿನ, ಅಂದರೆ ಖಾಸಗಿ ಹಿಡುವಳಿಯ, ಅಂಚಿನಿಂದ 100 ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ, ಹುಲ್ಲು ತರುವ ಹಕ್ಕು ಆ ವರ್ಗದಾರನಿಗೆ. ಭೂಮಿ ಸರಕಾರದ್ದು, ಅನುಭವ ರೈತನದು. ಅಂಥ ಜಾಗಕ್ಕೆ ನೀರು ಬೇಡದ, ಗೊಬ್ಬರ ಬೇಡದ, ದನ ತಿನ್ನದ ಮರವೇ ಆಗಬೇಕು. ಗೇರು ಅದೇ ಆಗಿತ್ತು. ಬಹಳ ಕಡೆ ಅದನ್ನು ಯಾರೂ ನೆಡಲೂ ಇಲ್ಲ. ಬಾವಲಿ, ಮಂಗ, ಮಕ್ಕಳು ಹಣ್ಣು ತಿಂದು ಎಸೆದ ಬೀಜ ಹುಟ್ಟಿ ಮರವಾದದ್ದೇ ಹೆಚ್ಚು. ನೆಡದ ಮರಕ್ಕೆ ಆರೈಕೆ ಯಾರು ಮಾಡುತ್ತಾರೆ? ಇಳುವರಿ ಕಡಿಮೆ ಎಂದು ತೋಟಗಾರಿಕೆಯ ವರದಿಗಳು ಇಂದಿಗೂ ಗೋಳಾಡುವುದಕ್ಕೆ ಬೇರು ಇಲ್ಲಿದೆ. ರೈತ ಗೇರನ್ನು ಬೆಳೆಯೆಂದು ಲೆಕ್ಕಕ್ಕೆ ಹಿಡಿದದ್ದು ತೀರಾ ಇತ್ತೀಚೆಗೆ.

ಬಂದ ದಾರಿ

ಗೇರಿನ ತವರು ಬ್ರೆಜಿಲಿನ ಈಶಾನ್ಯ ಕರಾವಳಿ. ಪೋರ್ಚುಗೀಸರು 16ನೇ ಶತಮಾನದಲ್ಲಿ ಅದನ್ನು ಇಲ್ಲಿಗೆ ತಂದರು. ಕ್ರಿಸ್ಟೊವಾವ್ ದ ಕೋಸ್ತ ಎಂಬ ವೈದ್ಯ 1578ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಕೊಚ್ಚಿಯ ತೋಟಗಳಲ್ಲಿ ಈ ಮರವನ್ನು ಕಂಡದ್ದಾಗಿ ಬರೆದಿದ್ದಾನೆ. ನೂರು ವರ್ಷ ಕಳೆದು ಡಚ್ಚರ ವಾನ್ ರೀಡ್ ಹೊರತಂದ ‘ಹೊರ್ತುಸ್ ಮಲಬಾರಿಕುಸ್’ನಲ್ಲಿ ಗೇರಿನ ಚಿತ್ರವೂ ಇದೆ. ಸಮುದ್ರದಂಡೆಯ ಮಣ್ಣು ಕೊಚ್ಚಿಹೋಗದಂತೆ ತಡೆಯಲು ತಂದರು ಎಂಬ ಮಾತು ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಸಾಗಿಬಂದಿದೆ. ಹಣ್ಣಿನ ಆಸೆಗೇ ತಂದಿರಬಹುದು ಎನ್ನುವುದೂ ಅಷ್ಟೇ ಸಹಜ, ಏಕೆಂದರೆ ಬ್ರೆಜಿಲಿನಲ್ಲಿ ಆಗ ಅದರ ಹೆಂಡ ಕುಡಿಯುತ್ತಿದ್ದರು, ಗೋವೆಯಲ್ಲಿ ಈಗಲೂ ಕುಡಿಯುತ್ತಾರೆ.

ಕನ್ನಡನಾಡಿನ ಕಾಡಿನಲ್ಲಿ ಮೊದಲೇ ಒಂದು ಗೇರು ಇತ್ತು. ಕಾಡುಗೇರು ಅಥವಾ ಕರಿಗೇರು. ಅದರ ಕಾಯಿಯ ಕಪ್ಪು ಸೊನೆಯಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು, ಮೈಗೆ ತಾಗಿದರೆ ಹುಣ್ಣಾಗುತ್ತಿತ್ತು. ಹೊಸದಾಗಿ ಬಂದ ಮರದ ಕಾಯಿಯಲ್ಲೂ ಅಂಥದೇ ಸುಡುವ ಸೊನೆ, ಹಣ್ಣಿನ ತುದಿಗೆ ಕಾಯಿ ಅಂಟಿಕೊಂಡಿರುವ ರೀತಿಯೂ ಅದೇ. ಹಾಗಾಗಿ ಹೆಸರೂ ಅದೇ ಬಂದಿರಬೇಕು. ಎರಡೂ ಮಾವಿನ ಕುಟುಂಬಕ್ಕೇ ಸೇರಿದ ನೆಂಟರು ಎಂದು ಸಸ್ಯಶಾಸ್ತ್ರ ಆಮೇಲೆ ಹೇಳಿತು.

ಮರ, ಹಣ್ಣು, ಬೀಜ

ನಾವು ಹಣ್ಣೆನ್ನುವುದು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಣ್ಣೇ ಅಲ್ಲ, ಊದಿಕೊಂಡ ತೊಟ್ಟು. ನಿಜವಾದ ಹಣ್ಣು ಅದರ ತುದಿಗೆ ನೇತಾಡುವ ಬೂದುಬಣ್ಣದ ಕಾಯಿ. ಮೊದಲು ಕಾಯಿ ಬೆಳೆದು ಪೂರ್ತಿ ಗಾತ್ರಕ್ಕೆ ಬರುತ್ತದೆ, ತೊಟ್ಟು ಊದಿ ಕೆಂಪು ಅಥವಾ ಹಳದಿಯಾಗುವುದು ಕೊನೆಯ ವಾರಗಳಲ್ಲಿ. ಕಾಯಿಯ ಚಿಪ್ಪು ಎರಡು ಪದರದ್ದು. ನಡುವಿನ ಜೇನುಗೂಡಿನಂಥ ಸಂದುಗಳಲ್ಲಿ ಎಣ್ಣೆ ತುಂಬಿರುತ್ತದೆ. ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್‌ಗಳಿರುವ ಈ ಎಣ್ಣೆ ಚರ್ಮವನ್ನು ಸುಡುತ್ತದೆ. ಬ್ರೇಕ್ ಲೈನಿಂಗ್, ಬಣ್ಣ, ರಾಳಗಳ ಕಾರ್ಖಾನೆಗಳಿಗೆ ಅದು ಬೆಲೆಯುಳ್ಳ ಕಚ್ಚಾವಸ್ತು. ಚಿಪ್ಪಿನೊಳಗೆ ಕಂದು ಸಿಪ್ಪೆ, ಅದರೊಳಗೆ ಬಿಳಿಯ ತಿರುಳು. ನಾಲ್ಕು ಕಿಲೋ ಹಸಿಬೀಜಕ್ಕೆ ಸುಮಾರು ಒಂದು ಕಿಲೋ ತಿರುಳು.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೂವು, ಫೆಬ್ರವರಿ ಕೊನೆಯಿಂದ ಮೇ ತಿಂಗಳವರೆಗೆ ಫಸಲು. ಹೂವಿನ ಕಾಲದಲ್ಲಿ ಮೋಡ ಕವಿದರೆ ಅಥವಾ ಅಕಾಲ ಮಳೆ ಬಂದರೆ ಬೆಳೆ ಕೈಕೊಟ್ಟಂತೆ. ಚಿಗುರು, ಹೂಗೊಂಚಲುಗಳ ರಸ ಹೀರುವ ಟೀ ಸೊಳ್ಳೆ ಎಂಬ ತಿಗಣೆ ಜಾತಿಯ ಕೀಟ ದೊಡ್ಡ ಶತ್ರು. ಅದು ಕುಟುಕಿದ ಗೊಂಚಲು ಬೆಂಕಿ ತಗುಲಿದಂತೆ ಕರಿದಾಗುತ್ತದೆ. ಕಾಂಡ ಮತ್ತು ಬೇರು ಕೊರೆಯುವ ಹುಳು ಇನ್ನೊಂದು, ಅದು ಮರವನ್ನೇ ಕೊಲ್ಲುತ್ತದೆ.

ಬೀಜ ಕೊಯ್ಯುವುದಲ್ಲ, ಹೆಕ್ಕುವುದು. ಹಣ್ಣಾಗಿ ತಾನಾಗಿ ಬಿದ್ದದ್ದರ ಬೀಜ ಗಟ್ಟಿ. ಕೋಲಿನಿಂದ ಬಡಿದು ಉದುರಿಸಿದ್ದರಲ್ಲಿ ಜೊಳ್ಳು ಬೆರೆಯುತ್ತದೆ, ವ್ಯಾಪಾರಿ ನೀರಿಗೆ ಹಾಕಿ ನೋಡಿದರೆ ತೇಲುತ್ತದೆ. ಬೆಳಿಗ್ಗೆ ಬುಟ್ಟಿ ಹಿಡಿದು ಗುಡ್ಡ ಹತ್ತುವುದು ಹೆಂಗಸರ ಮತ್ತು ಮಕ್ಕಳ ಕೆಲಸ. ದೊಡ್ಡ ರಜೆ ಶುರುವಾಗುವ ಹೊತ್ತಿಗೇ ಫಸಲು ಜೋರಾಗುವುದರಿಂದ ಕರಾವಳಿಯ ಹಲವು ತಲೆಮಾರಿನ ಮಕ್ಕಳ ಮೊದಲ ಸಂಪಾದನೆ ಗೇರುಬೀಜದ್ದೇ. ಊರಿನ ಅಂಗಡಿಯಲ್ಲಿ ಬೀಜ ತೂಗಿಕೊಟ್ಟು ಬೆಲ್ಲ, ಪೆಪ್ಪರಮಿಂಟು, ಕೆಲವೊಮ್ಮೆ ಪಠ್ಯಪುಸ್ತಕದ ದುಡ್ಡು. ಬೀಜಗಳನ್ನೇ ಸಾಲಾಗಿಟ್ಟು ದೂರದಿಂದ ಹೊಡೆದು ಗೆಲ್ಲುವ ಆಟವೂ ಇತ್ತು. ಗೆದ್ದವನ ಚಡ್ಡಿಜೇಬು ತುಂಬ ಬೀಜ, ಅದಕ್ಕೆ ಎಂದೂ ಹೋಗದ ಹಣ್ಣಿನ ಕಲೆ.

ಬೀಜದ ಫ್ಯಾಕ್ಟರಿ

ಗುಡ್ಡದ ಬೀಜಕ್ಕೆ ಬೆಲೆ ಬಂದದ್ದು 20ನೇ ಶತಮಾನದಲ್ಲಿ. 1920ರ ದಶಕದಲ್ಲಿ ಕೊಲ್ಲಂ ಮತ್ತು ಮಂಗಳೂರುಗಳಲ್ಲಿ ಸಂಸ್ಕರಣೆ ಉದ್ಯಮವಾಗಿ ಬೆಳೆಯಿತು. ಕಾಫಿ ವ್ಯಾಪಾರದಲ್ಲಿ ಮೊದಲೇ ಪಳಗಿದ್ದ ಪಿಯರ್ಸ್ ಲೆಸ್ಲಿ ಕಂಪನಿ ಮಂಗಳೂರಿನಲ್ಲಿ ಗೇರುಬೀಜವನ್ನೂ ಕೈಗೆತ್ತಿಕೊಂಡಿತು. ತಿರುಳಿಗೆ ದಾರಿಯಲ್ಲಿ ಹುಳ ಹಿಡಿಯುವುದು ಆಗಿನ ದೊಡ್ಡ ತಲೆನೋವು. ಡಬ್ಬಿಯ ಗಾಳಿ ತೆಗೆದು ಇಂಗಾಲದ ಡೈಆಕ್ಸೈಡ್ ತುಂಬುವ ಉಪಾಯ ಬಂದಮೇಲೆ ಅಮೆರಿಕದ ಪೇಟೆ ತೆರೆಯಿತು. ಊರಿನ ಫಸಲು ಕಾರ್ಖಾನೆಗಳಿಗೆ ವರ್ಷವಿಡೀ ಸಾಲದೆ ಪೂರ್ವ ಆಫ್ರಿಕದಿಂದ ಹಸಿಬೀಜ ಹಡಗಿನಲ್ಲಿ ಬರತೊಡಗಿತು. ಇಂದು ಅದು ಪಶ್ಚಿಮ ಆಫ್ರಿಕದಿಂದ, ಐವರಿ ಕೋಸ್ಟ್, ಬೆನಿನ್, ಘಾನಾಗಳಿಂದ ಬರುತ್ತದೆ. ಆದ್ದರಿಂದ ಮಂಗಳೂರು, ಕಾರ್ಕಳ, ಕುಂದಾಪುರ, ಕುಮಟಾ ಕಡೆಯ ಕಾರ್ಖಾನೆಯಿಂದ ಹೊರಟ ಗೋಡಂಬಿಯೆಲ್ಲ ಅಲ್ಲಿನ ಗುಡ್ಡದ್ದೇ ಎಂದುಕೊಳ್ಳುವಂತಿಲ್ಲ.

ಒಳಗಿನ ಕೆಲಸ ಹೀಗೆ. ಅಂಗಳದ ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿದ ಬೀಜ ಗೋಣಿಚೀಲ ಸೇರುತ್ತದೆ. ಬೇಕಾದಾಗ ತೆಗೆದು ಹಬೆಯಲ್ಲಿ ಬೇಯಿಸಿ ಆರಲು ಹರಡುತ್ತಾರೆ. ಹಿಂದೆ ತಿರುಗುವ ಡ್ರಮ್ಮಿನಲ್ಲಿ ಹುರಿಯುತ್ತಿದ್ದರು, ಆ ಹೊಗೆ ಊರಿಗೇ ಗೊತ್ತಾಗುತ್ತಿತ್ತು. ಬೇಯಿಸಿದ ಬೀಜವನ್ನು ಮೇಜಿಗೆ ಜೋಡಿಸಿದ ಎರಡು ಬಾಗಿದ ಅಲಗುಗಳ ನಡುವೆ ಒಂದು ಕೈಯಿಂದ ನಿಲ್ಲಿಸಬೇಕು, ಕಾಲಿನಿಂದ ಮೆಟ್ಟಿದರೆ ಅಲಗು ಚಿಪ್ಪಿಗೆ ಇಳಿಯುತ್ತದೆ, ಇನ್ನೊಂದು ಕೈಯ ಹಿಡಿ ಎಳೆದರೆ ಚಿಪ್ಪು ಎರಡಾಗುತ್ತದೆ. ಅಲಗು ಕೂದಲೆಳೆ ಹೆಚ್ಚು ಇಳಿದರೆ ತಿರುಳು ತುಂಡು, ಕಡಿಮೆಯಾದರೆ ಚಿಪ್ಪು ಬಿಡುವುದಿಲ್ಲ. ಪ್ರತಿ ಬೀಜದ ದಪ್ಪ ಬೇರೆ. ಆ ಅಳತೆ ಇರುವುದು ಹೆಂಗಸರ ಪಾದದಲ್ಲಿ. ಪಕ್ಕದವರು ಸಣ್ಣ ಸೂಜಿಯಿಂದ ತಿರುಳು ಬಿಡಿಸುತ್ತಾರೆ. ಸೊನೆ ತಾಗದಿರಲೆಂದು ಕೈಗೆ ಬೂದಿ ಅಥವಾ ಹರಳೆಣ್ಣೆ. ಆದರೂ ಹಳೆಯ ಕೆಲಸಗಾರರ ಬೆರಳ ತುದಿ ಕಪ್ಪಗೆ ಸುಲಿದಿರುತ್ತಿತ್ತು. ಮುಂದೆ ಬೋರ್ಮಾ ಎಂಬ ಬಿಸಿಗಾಳಿಯ ಕೋಣೆಯಲ್ಲಿ ತಾಸುಗಟ್ಟಲೆ ಒಣಗಿಸಿ ಕಂದು ಸಿಪ್ಪೆಯನ್ನು ಉಗುರು ಇಲ್ಲವೆ ಸಣ್ಣ ಚೂರಿಯಿಂದ ತೆಗೆದರೆ ವಿಂಗಡಣೆಯ ಮೇಜು.

ಅಲ್ಲಿನ ಭಾಷೆ ಅಂಕಿಗಳದ್ದು. ಡಬ್ಲ್ಯೂ-180, 210, 240, 320, 450. ಒಂದು ಪೌಂಡಿಗೆ ಎಷ್ಟು ಇಡೀ ಬೀಜ ತೂಗುತ್ತವೆ ಎಂಬುದರ ಲೆಕ್ಕ, ಅಂಕಿ ಚಿಕ್ಕದಾದಷ್ಟೂ ಬೀಜ ದೊಡ್ಡದು, ಬೆಲೆ ಹೆಚ್ಚು. ಹೋಳು, ತುಂಡು, ನುಚ್ಚುಗಳಿಗೆ ಬೇರೆ ದರ. ಇಡಿಯಾಗಿ ಹೊರಬಂದ ಬೀಜಕ್ಕೂ ಮುರಿದದ್ದಕ್ಕೂ ಇರುವ ಬೆಲೆಯ ಅಂತರದ ಮೇಲೇ ಕಾರ್ಖಾನೆಯ ಲಾಭ ನಿಂತಿದೆ. ಕೂಲಿಯನ್ನೂ ಒಡೆದ ಅಥವಾ ಸುಲಿದ ಕಿಲೋಗೆ ಇಷ್ಟು ಎಂದು ಎಣಿಸುವ ಪದ್ಧತಿಯಾದ್ದರಿಂದ ಆ ಅಂತರದ ಭಾರ ಕೊನೆಗೆ ಬೀಳುವುದು ಸುಲಿಯುವವರ ಕಣ್ಣು, ಬೆರಳುಗಳ ಮೇಲೆ. ಬೀಡಿ ಕಟ್ಟುವುದು ಬಿಟ್ಟರೆ ಅವಿಭಜಿತ ದಕ್ಷಿಣ ಕನ್ನಡದ ಬಡ ಹೆಂಗಸರ ಕೈಗೆ ನಗದು ತಂದ ಮುಖ್ಯ ಕೆಲಸ ಇದು. ಬೀಡಿ ಮನೆಯಲ್ಲೇ ಕುಳಿತು ಕಟ್ಟಬಹುದಿತ್ತು. ಬೀಜದ ಫ್ಯಾಕ್ಟರಿ ಅವರನ್ನು ಮನೆಯಿಂದ ಹೊರಗೆ, ಬಸ್ಸಿಗೆ, ಹಾಜರಿ ಪುಸ್ತಕಕ್ಕೆ, ಭವಿಷ್ಯನಿಧಿಗೆ ತಂದಿತು. ಈಗ ಯಂತ್ರಗಳು ಒಡೆಯುವುದನ್ನೂ ಸುಲಿಯುವುದನ್ನೂ ಬಣ್ಣ ನೋಡಿ ವಿಂಗಡಿಸುವುದನ್ನೂ ಮಾಡುತ್ತಿವೆ. ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ ಭಾರತವನ್ನು ಹಿಂದೆ ಹಾಕಿದ್ದರಲ್ಲಿ ಈ ಯಂತ್ರಗಳ ಪಾಲು ದೊಡ್ಡದು.

ಊಟ

ಗೇರಿನ ಅಡುಗೆ ಫಸಲಿಗೂ ಮುಂಚೆ ಶುರುವಾಗುತ್ತದೆ. ಕಾಯಿ ಇನ್ನೂ ಹಸಿರಾಗಿ, ಚಿಪ್ಪು ಕತ್ತಿಗೆ ಬಗ್ಗುವಂತಿರುವಾಗ ಅದನ್ನು ಉದ್ದಕ್ಕೆ ಸೀಳಿ ಎಳೆಬೀಜ ತೆಗೆಯುತ್ತಾರೆ. ಕೊಂಕಣಿಯಲ್ಲಿ ಇದು ಬಿಬ್ಬೊ. ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಮೆಟ್ಟುಕತ್ತಿಯ ಮುಂದೆ ಕುಳಿತು, ಸೊನೆ ತಿರುಳಿಗೆ ತಾಗದಂತೆ ಬಿಡಿಸುವುದು ನಿಧಾನದ ಕೆಲಸ. ಬಿಸಿನೀರಿನಲ್ಲಿ ನೆನೆಸಿದರೆ ಮೇಲಿನ ಸಿಪ್ಪೆ ಜಾರಿಬರುತ್ತದೆ. ಮಂಗಳೂರು, ಉಡುಪಿಯ ಮಾರುಕಟ್ಟೆಗಳಲ್ಲಿ ಹೆಂಗಸರು ಇದನ್ನು ಎಣಿಸಿ ಮಾರುತ್ತಾರೆ. ತೊಂಡೆಕಾಯಿಯೊಡನೆ ಬೇಯಿಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟು, ಮೇಲೆ ತೆಂಗಿನ ತುರಿ ಹಾಕಿದರೆ ಗೌಡ ಸಾರಸ್ವತರ ತೆಂಡ್ಲೆ-ಬಿಬ್ಬೊ ಉಪ್ಕರಿ. ಯುಗಾದಿಯ ಊಟಕ್ಕೂ ಬೇಸಿಗೆಯ ಮದುವೆಗೂ ಇದು ಇರಲೇಬೇಕು. ಬೆಳ್ಳುಳ್ಳಿ, ಈರುಳ್ಳಿ, ಮಸಾಲೆ ಏನೂ ಇಲ್ಲ. ಎಳೆಬೀಜದ ಹಾಲುಸಿಹಿ, ತೊಂಡೆಯ ಸಣ್ಣ ಹುಳಿಯೆದುರು ನಿಲ್ಲಬೇಕು, ಅಷ್ಟೇ ಅದರ ಲೆಕ್ಕ. ಋತು ಮುಗಿದಮೇಲೆ ಒಣಗೋಡಂಬಿಯನ್ನು ರಾತ್ರಿ ನೆನೆಸಿ ಮಾಡುವುದುಂಟು. ತಿಂದು ಗೊತ್ತಿರುವವರು ಅದನ್ನು ಒಪ್ಪುವುದಿಲ್ಲ. ಹವ್ಯಕರ, ಶಿವಳ್ಳಿಯವರ ಮನೆಗಳಲ್ಲೂ ಎಳೆಬೀಜದ ಪಲ್ಯ, ಹುಳಿ ಉಂಟು.

ಒಂದು ಎಳೆಬೀಜ ತಿಂದರೆ ಮುಂದೆ ಕಾರ್ಖಾನೆಗೆ ಹೋಗಬಹುದಾಗಿದ್ದ ಒಂದು ಬೀಜ ಕಡಿಮೆಯಾದಂತೆ. ದುಡ್ಡಿನ ಲೆಕ್ಕ ಹಾಕುವ ಮನೆಯಲ್ಲಿ ಇದು ದುಂದು. ಆದ್ದರಿಂದ ಬಡವರ ಮನೆಯಲ್ಲಿ ಎಳೆಬೀಜ ಹಬ್ಬಕ್ಕೊಮ್ಮೆ ಬರುವ ಪದಾರ್ಥ. ಅವರ ಪಾಲಿಗೆ ಹೆಚ್ಚಾಗಿ ಬಂದದ್ದು ಸುಟ್ಟ ಬೀಜ. ತೂತು ಮಾಡಿದ ಹಳೆಯ ತಗಡಿನ ಡಬ್ಬಿಯಲ್ಲಿ ಬಲಿತ ಬೀಜ ಹಾಕಿ ಅಂಗಳದ ಮೂಲೆಯಲ್ಲಿ ಮೂರು ಕಲ್ಲಿನ ಒಲೆಗಿಡುತ್ತಾರೆ. ಸ್ವಲ್ಪ ಹೊತ್ತಿಗೆ ಚಿಪ್ಪಿನ ಎಣ್ಣೆ ಚಿಟಪಟ ಸಿಡಿದು ಒಮ್ಮೆಲೇ ಉರಿ ಹತ್ತುತ್ತದೆ. ಕಣ್ಣು ಮೂಗು ಉರಿಸುವ ದಟ್ಟ ಹೊಗೆ ಬರುವುದರಿಂದ ಇದನ್ನು ಒಳಗಿನ ಒಲೆಯಲ್ಲಿ ಮಾಡುವವರಿಲ್ಲ. ಕೋಲಿನಿಂದ ಕೆದಕುತ್ತ, ಸರಿಯಾದ ಹೊತ್ತಿಗೆ ಡಬ್ಬಿ ಕವುಚಿ ಮಣ್ಣೆರಚಿ ಬೆಂಕಿ ಆರಿಸಬೇಕು. ಗಳಿಗೆ ತಡವಾದರೆ ತಿರುಳೂ ಇದ್ದಿಲು. ಕಪ್ಪಾದ ಚಿಪ್ಪನ್ನು ಕಲ್ಲಿನಿಂದ ಒಂದೇ ಪೆಟ್ಟಿಗೆ ಒಡೆದು ಬಿಸಿಯಾಗಿ ತಿನ್ನುವ ಈ ಬೀಜದಲ್ಲಿ ಸುಟ್ಟ ವಾಸನೆಯೇ ಅರ್ಧ ರುಚಿ. ಹಬೆಯಲ್ಲಿ ಬೆಂದ ಕಾರ್ಖಾನೆಯ ಬಿಳಿಬೀಜಕ್ಕೆ ಅದಿಲ್ಲ.

ಹಣ್ಣಿನ ಪಾಡು ಬೇರೆ. ಬಿಡಿಸಿದ ಮರುದಿನಕ್ಕೆ ಅದು ಹುಳಿತು ಕೊಳೆಯುತ್ತದೆ, ಪೇಟೆಗೆ ಸಾಗಿಸಲಾಗದು. ಕಿತ್ತಳೆಗಿಂತ ನಾಲ್ಕೈದು ಪಟ್ಟು ವಿಟಮಿನ್ ಸಿ ಇದ್ದರೂ ಟ್ಯಾನಿನ್ನಿನ ಒಗರು ಗಂಟಲು ಕೆರೆಯುತ್ತದೆ. ಮಕ್ಕಳು ಉಪ್ಪು ಮೆಣಸಿನಪುಡಿ ಹಚ್ಚಿ ತಿನ್ನುತ್ತಾರೆ. ಹೋಳುಮಾಡಿ ಉಪ್ಪುನೀರಿನಲ್ಲಿಟ್ಟು ಹಿಂಡಿ ಬೆಲ್ಲ ಹಾಕಿದ ಗೊಜ್ಜೂ ಮಾಡುತ್ತಾರೆ. ತುಳುನಾಡಿನ ಬಿಸು ಹಬ್ಬದಂದು ಇಡುವ ಕಣಿಯಲ್ಲಿ ಸೌತೆ, ಮಾವು, ಹಲಸುಗಳ ಜತೆ ಗೇರುಹಣ್ಣಿಗೂ ಜಾಗವುಂಟು. ಉಳಿದದ್ದು ದನಕ್ಕೆ, ಹೆಚ್ಚಿನದು ಮರದಡಿಗೆ. ಗೋವೆಯಲ್ಲಿ ಇದೇ ಹಣ್ಣಿನ ರಸ ಹುಳಿಸಿ ಭಟ್ಟಿಯಿಳಿಸಿದ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಗಡಿ ದಾಟಿ ಕಾರವಾರಕ್ಕೆ ಬಂದರೆ ಅದೇ ಭಟ್ಟಿ ಕಳ್ಳಭಟ್ಟಿ. ಗುಡ್ಡ ಒಂದೇ, ಹಣ್ಣು ಒಂದೇ. ಒಂದು ಕಡೆ ಪ್ರವಾಸಿಗರಿಗೆ ತೋರಿಸುವ ಪರಂಪರೆ, ಇನ್ನೊಂದು ಕಡೆ ಅಬಕಾರಿ ಕೇಸು.

ಕಣ್ಣಿಗೆ ಬೀಳದ ಎರಡು ತಿನಿಸುಗಳು ಇನ್ನೂ ಇವೆ. ಗೇರಿನ ಕೆಂಪು ಕುಡಿಯನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯೊಡನೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಹೊಟ್ಟೆ ಕೆಟ್ಟವರಿಗೆ ಅನ್ನದ ಮೇಲೆ ಮೊದಲು ಬಡಿಸುವುದು ಇದನ್ನೇ. ಎರಡನೆಯದು ಮೊಳಕೆ. ಹೆಕ್ಕುವವರ ಕಣ್ಣುತಪ್ಪಿ ತರಗೆಲೆಯ ಅಡಿ ಉಳಿದ ಬೀಜ ಜೂನಿನ ಮೊದಲ ಮಳೆಗೆ ಚಿಪ್ಪು ಸೀಳಿ, ಎರಡು ದಪ್ಪ ದಳ ಬಿಚ್ಚಿ ನಿಲ್ಲುತ್ತದೆ. ತಿಳಿಹಸಿರಾದ ಆ ದಳಗಳನ್ನು ಹಾಗೇ ತಿನ್ನಬಹುದು, ಪಲ್ಯವೂ ಆಗುತ್ತದೆ. ಸೊನೆಯ ಕಾಟವಿಲ್ಲ, ಸುಡುವ ಕಷ್ಟವಿಲ್ಲ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಗೇರಿನ ಎಲ್ಲ ತಿನಿಸುಗಳಲ್ಲಿ ಇದೇ ಮೇಲು ಎಂಬುದು ಈ ಲೇಖಕನ ಪಕ್ಷಪಾತ.

ಬಿಳಿಯ ಒಣಬೀಜ ಬಳಕೆಯಾಗುವುದು ಪಾಯಸ, ಹಲ್ವ, ಮಂಗಳೂರು ಕ್ರೈಸ್ತರ ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳಲ್ಲಿ ಒಂದಾದ ನೆವ್ರಿಯ ಹೂರಣ ಇಂಥವಕ್ಕೆ. ಅದು ಎಲ್ಲ ಊರಲ್ಲೂ ಇರುವಂಥದೇ.

ಆಕಾಶದಿಂದ ಬಿದ್ದ ವಿಷ

ನೋಡುವವರಿಲ್ಲದ ಗುಡ್ಡದ ಮರ ಸರಕಾರದ ನೆಡುತೋಪಾದಾಗ ಕಥೆ ಬದಲಾಯಿತು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಹೆಕ್ಟೇರ್ ಗೇರು ಬೆಳೆಸಿತು. ಕರ್ನಾಟಕದಲ್ಲಿ 1978ರಲ್ಲಿ ಗೇರು ಅಭಿವೃದ್ಧಿ ನಿಗಮ ಹುಟ್ಟಿ ಸುಮಾರು 25 ಸಾವಿರ ಹೆಕ್ಟೇರ್ ನೆಡುತೋಪು ಅದರ ಕೈಗೆ ಬಂತು. ಒಂದೊಂದೇ ಮರವಿದ್ದಾಗ ಸಹಿಸಿಕೊಳ್ಳುತ್ತಿದ್ದ ಟೀ ಸೊಳ್ಳೆ ಸಾಲುಮರಗಳಲ್ಲಿ ದೊಡ್ಡ ನಷ್ಟವಾಗಿ ಕಂಡಿತು. ಕಾಸರಗೋಡಿನಲ್ಲಿ 1970ರ ದಶಕದ ಉತ್ತರಾರ್ಧದಿಂದ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆ 1980ರ ದಶಕದಲ್ಲಿ ಶುರುವಾಯಿತು.

ಗೇರು ಇರುವುದು ನೆತ್ತಿಯಲ್ಲಿ, ಮನೆಗಳಿರುವುದು ಕಣಿವೆಯಲ್ಲಿ. ಇಲ್ಲಿನವರು ಕುಡಿಯುವ ನೀರು ತೆರೆದ ಬಾವಿಯದು, ಇಲ್ಲವೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ್ದು. ಮೇಲೆ ಬಿದ್ದದ್ದು ಕೆಳಗಿಳಿಯದೆ ಇರಲು ಸಾಧ್ಯವಿರಲಿಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ವಿಕಾರವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಮೊದಲು ಬರೆದರು. ವಾಣಿನಗರದ ವೈದ್ಯ ವೈ. ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ನರದ ಕಾಯಿಲೆ, ಹುಟ್ಟು ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಗುರುತಿಸಿದರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದಲ್ಲಿ ಹೂಡಿದ ದಾವೆಯಿಂದ ಸಿಂಪಡಣೆಗೆ ತಡೆ ಬಂತು. ಕೀಟನಾಶಕ ಉದ್ಯಮ ಕಾಯಿಲೆಗೂ ವಿಷಕ್ಕೂ ಸಂಬಂಧವಿಲ್ಲವೆಂದು ವರ್ಷಗಟ್ಟಲೆ ವಾದಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನಿನ ತಯಾರಿ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎನ್ಮಕಜೆ’ ಈ ಊರುಗಳ ಕಥೆ. ಕೊಕ್ಕಡ ಮತ್ತು ಪುತ್ತೂರು ಕಡೆಯ ಕೊಯಿಲದಲ್ಲಿ ಸಂತ್ರಸ್ತರ ಆರೈಕೆಗೆ ಎಂಡೋಪಾಲನಾ ಕೇಂದ್ರಗಳು ತೆರೆದವು.

ಒಂದು ಕೀಟ ಹೂಗೊಂಚಲು ಹಾಳುಮಾಡುವುದನ್ನು ತಡೆಯಲು ಇಷ್ಟು. ಅದೇ ವರ್ಷಗಳಲ್ಲಿ ಕುಮ್ಕಿಯ ಮರಗಳು ಯಾವ ಸಿಂಪಡಣೆಯೂ ಇಲ್ಲದೆ ಕೊಟ್ಟಷ್ಟು ಕೊಡುತ್ತಲೇ ಇದ್ದವು ಎಂಬುದನ್ನು ಮರೆಯುವಂತಿಲ್ಲ.

ಸಂಶೋಧನೆ, ಈಗಿನ ಸ್ಥಿತಿ

ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರ 1953ರಿಂದ ಗೇರಿನ ಮೇಲೆ ಕೆಲಸ ಮಾಡುತ್ತಿದೆ. ಉಳ್ಳಾಲ-1ರಿಂದ 4ರವರೆಗಿನ ತಳಿಗಳು ಅಲ್ಲಿನವು. ಬಯಲುಸೀಮೆಗೆಂದು ಚಿಂತಾಮಣಿಯ ಕೇಂದ್ರ ಕೊಟ್ಟದ್ದು ಚಿಂತಾಮಣಿ-1. ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ 1986ರಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಈಗ ಗೇರು ಸಂಶೋಧನಾ ನಿರ್ದೇಶನಾಲಯ. ಬೀಜದಿಂದ ಹುಟ್ಟಿದ ಗಿಡ ತಾಯಿಯಂತಿರುವುದಿಲ್ಲವಾದ್ದರಿಂದ ಎಳೆಕಾಂಡದ ಕಸಿ ದೊಡ್ಡ ತಿರುವು ತಂದಿತು. ಕಸಿಗಿಡ ಮೂರನೆಯ ವರ್ಷಕ್ಕೆ ಫಲ ಕೊಡುತ್ತದೆ, ಬೀಜದ ಗಾತ್ರವೂ ಒಂದೇ ಸಮ. ಮರದ ಎತ್ತರ ತಗ್ಗಿಸಿ ಒತ್ತೊತ್ತಾಗಿ ನೆಟ್ಟು ಸವರುವ ಪದ್ಧತಿ, ನೇತ್ರ ಜಂಬೊ-1ರಂಥ ದಪ್ಪಬೀಜದ ತಳಿಗಳು ಇತ್ತೀಚಿನವು.

ಹಣ್ಣನ್ನು ಉಳಿಸುವ ಪ್ರಯತ್ನದಲ್ಲಿ ಮೈಸೂರಿಗೂ ಪಾಲಿದೆ. ಅಲ್ಲಿನ ಕೆ.ಆರ್.ಎಸ್. ರಸ್ತೆಯಲ್ಲಿ, ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ತನ್ನ ಮೊದಲ ದಶಕಗಳಲ್ಲೇ ಗೇರುಹಣ್ಣಿನ ರಸದ ಒಗರು ತೆಗೆಯುವ ವಿಧಾನಗಳನ್ನು ಪರೀಕ್ಷಿಸಿತು. ಜೆಲಾಟಿನ್ ಬೆರೆಸಿದರೆ ಟ್ಯಾನಿನ್ ಗಡ್ಡೆಕಟ್ಟಿ ತಳಕ್ಕಿಳಿಯುತ್ತದೆ. ಸಸ್ಯಾಹಾರಿಗಳಿಗಾಗಿ ಅನ್ನದ ಗಂಜಿ, ಸಬ್ಬಕ್ಕಿ ಗಂಜಿಯ ದಾರಿಯೂ ಇದೆ. ತಂತ್ರ ಕಷ್ಟದ್ದಲ್ಲ. ಆದರೆ ಗುಡ್ಡ ಗುಡ್ಡಗಳಲ್ಲಿ ಚದುರಿ ಬೀಳುವ ಹಣ್ಣನ್ನು ಅದೇ ದಿನ ಒಂದೆಡೆ ಸೇರಿಸುವ ಕೂಲಿ ರಸದ ಬೆಲೆಯನ್ನು ಮೀರುತ್ತದೆ. ಪಾನಕ, ಜಾಮು, ಉಪ್ಪಿನಕಾಯಿಗಳು ವಸ್ತುಪ್ರದರ್ಶನಗಳಲ್ಲಿ ಕಂಡು ಅಲ್ಲೇ ನಿಲ್ಲುವುದಕ್ಕೆ ಕಾರಣ ಇದು.

ಸುಳ್ಯ, ಬೆಳ್ತಂಗಡಿ, ಕಾಸರಗೋಡಿನ ಗುಡ್ಡಗಳಲ್ಲಿ ಗೇರನ್ನು ಮೊದಲು ರಬ್ಬರ್ ಹಿಂದಕ್ಕೆ ತಳ್ಳಿತು, ಆಮೇಲೆ ಕೊಳವೆಬಾವಿಯ ನೀರು ನಂಬಿ ಗುಡ್ಡವೇರಿದ ಅಡಿಕೆ. ಬೀಜ ಹೆಕ್ಕಲು ಜನ ಸಿಗದೆ ಮರವಿದ್ದೂ ಫಸಲು ಬಿಡುವವರೂ ಇದ್ದಾರೆ. ಮಕ್ಕಳು ರಜೆಗೆ ಬೇಸಿಗೆ ಶಿಬಿರಕ್ಕೆ ಹೋಗುತ್ತಾರೆ. ಇನ್ನೊಂದು ಕಡೆ, ಹೆದ್ದಾರಿ ಬದಿಯಲ್ಲಿ ಎಳೆಬೀಜಕ್ಕೆ ಸಿಗುವ ಬೆಲೆ ಏರುತ್ತಿದೆ. ಬಲಿಯುವವರೆಗೆ ಕಾದು, ಒಣಗಿಸಿ, ವ್ಯಾಪಾರಿಯ ಜೊತೆ ಚೌಕಾಸಿ ಮಾಡುವ ಬದಲು ಹಸಿರಿರುವಾಗಲೇ ಮಾರಿದರೆ ಲೆಕ್ಕ ಚೊಕ್ಕ ಎನ್ನುವ ಮನೆಗಳೂ ಇವೆ.

ಮೈಸೂರಿನಿಂದ ನೋಡಲು ಹೋಗುವವರಿಗೆ ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿಯಿಳಿಯುವ ರಾಷ್ಟ್ರೀಯ ಹೆದ್ದಾರಿ 275 ಸುಳ್ಯ, ಪುತ್ತೂರುಗಳಿಗೆ ತಲುಪಿಸುತ್ತದೆ. ಎಳೆಬೀಜಕ್ಕಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಬೇಕು, ಹಣ್ಣಿಗಾದರೆ ಏಪ್ರಿಲ್‌ನಲ್ಲಿ. ಹೋಟೆಲಿನ ಮೆನುವಿನಲ್ಲಿ ಎಳೆಬೀಜದ ಉಪ್ಕರಿ ಸಿಗುವುದು ಅಪರೂಪ. ಮಂಗಳೂರಿನ ಕಾರ್‌ಸ್ಟ್ರೀಟ್ ಕಡೆ ಕೊಂಕಣಿ ಮನೆಯವರ ಪರಿಚಯವಿದ್ದರೆ ಅಥವಾ ಯುಗಾದಿಯ ಆಸುಪಾಸಿನ ಮದುವೆಯೊಂದಕ್ಕೆ ಕರೆ ಬಂದರೆ ತಪ್ಪಿಸಿಕೊಳ್ಳಬಾರದು. ಮಾರುಕಟ್ಟೆಯಲ್ಲಿ ಕೊಂಡು ತರುವುದಾದರೆ ಸಿಪ್ಪೆ ಬಿಡಿಸಿದ್ದನ್ನೇ ತರಬೇಕು. ಬಿಡಿಸದ ಕಾಯಿ ತಂದರೆ ಸೊನೆಯ ಗುರುತು ವಾರಗಟ್ಟಲೆ ಕೈಮೇಲೆ ಉಳಿಯುತ್ತದೆ.